ಕಿತ್ತೂರ ಕಾಡಂಚಿನ ಕಿರುಗೊಡೆಗಳು

ರಾಮದುರ್ಗ, ಸವದತ್ತಿಗಳ ಕಡೆಗೆ ಹೋದವರಿಗೆ ಎರೆಯ ಹೊಲಗಳೂ ಕಲ್ಲುಗುಡ್ಡಗಳೂ ಕಾಣುವವು. ಬೈಲಹೊಂಗಲದಿಂದ ನೈಋತ್ಯಕ್ಕೆ ಕಿತ್ತೂರಿನತ್ತ ಸಾಗಿದಂತೆ ಮಳೆಯೂ ಮರಗಳೂ ಹೆಚ್ಚುತ್ತ ಹೋಗುವವು. ೧೮೨೪ರಲ್ಲಿ ಆಂಗ್ಲರನ್ನು ಎದುರಿಸಿದ ಚೆನ್ನಮ್ಮ ರಾಣಿಯ ಕೋಟೆಯನ್ನು ಕಾಣಲು ಬರುವವರು ಬಹು ಮಂದಿ. ಅದರಾಚೆಯ ಕಾಡಂಚಿನಲ್ಲಿ ಅಣಬೆಗಳನ್ನು ಕಾಣಲು ಹೋಗುವವರು ವಿರಳ. ಶ್ರಾವಣದ ಒಂದು ಮುಂಜಾವಿನಲ್ಲಿ ನಾವು ಗೆಳೆಯರೊಬ್ಬರೊಡನೆ ಕ್ಯಾಮರಾ ಹೊತ್ತು ಅತ್ತ ಹೊರಟೆವು.

ಹುತ್ತವೊಂದರ ಬುಡದಲ್ಲಿ ನೂರಾರು ಬಿಳಿಯ ಅಣಬೆಗಳು ಎದ್ದಿದ್ದವು. ಒಂದೊಂದರ ಕೊಡೆಯೂ ಕಿರುಬೆರಳಿನ ಉಗುರಿನಷ್ಟೇ ಅಗಲ. ಗೆದ್ದಲುಗಳು ಹುತ್ತದೊಳಗೆ ಈ ಶಿಲೀಂಧ್ರವನ್ನು ಬೆಳೆಸಿ ಉಣ್ಣುತ್ತವೆ. ಮಳೆ ಬಿದ್ದಾಗ ತಮ್ಮ ತೋಟದ ತುಣುಕುಗಳನ್ನು ಹೊರಗೆ ತಂದು ಹರಡುತ್ತವೆ, ಅವುಗಳಿಂದಲೇ ಈ ಕಿರುಗೊಡೆಗಳು ಏಳುವವು. ೧೯೪೨ರಲ್ಲಿ ಫ್ರಾನ್ಸ್ ದೇಶದ ರೋಜೆ ಹೈಮ್ ಎಂಬ ಪಂಡಿತರು ಇವುಗಳ ಕುಲಕ್ಕೆ ಟರ್ಮಿಟೊಮೈಸೀಸ್ ಎಂದು ಹೆಸರಿಟ್ಟರು.

ಇವುಗಳ ಚಿತ್ರ ತೆಗೆಯುವುದು ಸುಲಭವಲ್ಲ. ಕೆಸರಿನಲ್ಲಿ ಬೋರಲು ಮಲಗಬೇಕು. ಮಸೂರವನ್ನು ಬಹು ಸಮೀಪಕ್ಕೆ ತಂದರೆ ಕೂದಲೆಳೆಯಷ್ಟು ದೂರದೊಳಗಿನ ವಸ್ತು ಮಾತ್ರ ಸ್ಫುಟವಾಗುವುದು, ಉಳಿದುದೆಲ್ಲ ಮಸುಕು. ಗಾಳಿಗೆ ಛತ್ರಿಯನ್ನು ಅಡ್ಡ ಹಿಡಿದು, ಬಿಳಿಯ ಕಾಗದದಿಂದ ಬೆಳಕನ್ನು ಮರಳಿಸಿ ಯತ್ನಿಸಿದೆವು. ಕೊನೆಗೆ ತಾಳ್ಮೆಗೆಟ್ಟು, ಒಂದನ್ನು ಕಿತ್ತು ಕಲ್ಲಿನ ಮೇಲಿಡಲು ಕೈ ಚಾಚಿದೆವು.

ಅಷ್ಟರಲ್ಲಿ ಅಣಬೆ ಆರಿಸಲು ಬಂದ ವೃದ್ಧೆಯೊಬ್ಬಳು, “ಅಣ್ಣಾರ, ಇದ್ದಲ್ಲೇ ಚಂದ ಐತ್ರಿ. ಹುತ್ತಾ ಕೆದರಿದ್ರ ಬರೂ ವರ್ಷ ಎಲ್ಲಿಂದ ಬರ್ತಾವ?” ಎಂದಳು. ನಾವು ನಾಚಿ ಕೈ ಹಿಂದೆಗೆದೆವು. ನಮ್ಮ ಕೆಲಸ ಮುಗಿಯುವವರೆಗೆ ಆಕೆ ಸೆರಗು ಹಿಡಿದು ಕಾದಳು. ಬಳಿಕ ಮಣ್ಣು ಕದಡದಂತೆ ಅರ್ಧದಷ್ಟನ್ನು ಮಾತ್ರ ಬಿಡಿಸಿಕೊಂಡಳು.

ಈ ನಡುವೆ ಗೆಳೆಯರು ಕೊಳೆತ ದಿಮ್ಮಿಯ ಮೇಲಿನ ಕಂದು ಅಣಬೆಗಳನ್ನು ಮನೆಯ ಪಲ್ಯಕ್ಕೆಂದು ವಸ್ತ್ರದಲ್ಲಿ ಕಟ್ಟಿಕೊಂಡಿದ್ದರು. ಅವುಗಳ ಚಿತ್ರವನ್ನು ತೋರಿಸಿ, ತಿನ್ನಬಹುದೇ ಎಂದು ನಾವು ಕೇಳಿದೆವು.

“ಚಿತ್ರಾ ನೋಡಿ ಹೇಳೂ ಮಾತಲ್ರಿ ಇದು. ನಮ್ಮವ್ವ ಕೈ ಹಿಡಿದು ತೋರಿಸಿದ್ದಷ್ಟ ನಾ ತಿಂತೀನಿ.”

ಆ ಮಾತು ನಮ್ಮನ್ನು ಎಚ್ಚರಿಸಿತು. ಕೊಳೆತ ಮರದ ಮೇಲೆ ಏಳುವ ಕಂದು ಅಣಬೆಗಳ ಕೆಲವು ಜಾತಿಗಳಲ್ಲಿ ಯಕೃತ್ತನ್ನು ಕೆಡಿಸುವ ವಿಷವಿದೆ. ಅದು ಕುದಿಸಿದರೂ ಅಳಿಯದು. ಉಂಡು ಆರು ತಾಸು ಕಳೆದ ಮೇಲೆಯೇ ಸಾಮಾನ್ಯವಾಗಿ ವಾಂತಿಭೇದಿಗಳು ತೋರುವುದರಿಂದ, ಊಟವೇ ಕಾರಣವೆಂದು ಮನೆಯವರಿಗೆ ಹೊಳೆಯದೆಯೂ ಹೋಗಬಹುದು. ಗೆಳೆಯರ ಮನೆಯಲ್ಲಿ ಎಳೆಯ ಮಕ್ಕಳಿದ್ದರು. ಅವರು ಮಾತಾಡದೆ ಗಂಟು ಬಿಚ್ಚಿ, ಅಣಬೆಗಳನ್ನು ದಿಮ್ಮಿಯ ಬುಡದಲ್ಲಿ ಸುರಿದರು.

ಅಂದು ರಾತ್ರಿ ಅವರ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ಊಟವಾದ ಮೇಲೆ ಮಕ್ಕಳು ಚಿತ್ರಗಳನ್ನು ನೋಡಿ, “ಇರುವೆಗಳ ಛತ್ರಿ!” ಎಂದು ಕುಣಿದಾಡಿದರು. ಕಾಡಿನಿಂದ ನಾವು ಮನೆಗೆ ತಂದದ್ದು ಅಷ್ಟೇ. ಅಷ್ಟೇ ತಂದೆವೆಂಬುದು ನಮ್ಮ ಪುಣ್ಯ.