ಬಿಂದುವಿನ ಪಕ್ಕದ ಸೊನ್ನೆ

ಮೊನ್ನೆ ಮೊಮ್ಮಗಳು ಲೆಕ್ಕ ಮಾಡುತ್ತ, 0.5ಕ್ಕಿಂತ 0.25 ದೊಡ್ಡದು ಎಂದಳು. ಐದಕ್ಕಿಂತ ಇಪ್ಪತ್ತೈದು ದೊಡ್ಡದಲ್ಲವೇ ಎಂಬುದು ಅವಳ ವಾದ. ಗದರಿಸಲು ನನಗೆ ಮನಸ್ಸು ಬರಲಿಲ್ಲ. ಈ ಬಿಂದುವಿನ ದೆಸೆಯಿಂದ ನಾನೂ ಒಮ್ಮೆ ತಲೆ ತಗ್ಗಿಸಿದವನೇ.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಿತು. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಉರುಹೊಡೆದವರಿಗೆ ಅದೇನೂ ಕಷ್ಟವಿರಲಿಲ್ಲ. ಇನ್ನು ಮೇಲೆ ರೂಪಾಯಿಗೆ 100 ನಯಾಪೈಸೆ, ಬಹು ಸುಲಭ ಎಂದರು. ಸುಲಭವೇನೋ ಹೌದು, ಆದರೆ ಒಂದಾಣೆಗೆ ಆರೂಕಾಲು ನಯಾಪೈಸೆ ಬರುತ್ತಿತ್ತಲ್ಲ, ಆ ಕಾಲು ಪೈಸೆಗೆ ನಾಣ್ಯವೆಲ್ಲಿ? ಒಂದಾಣೆಗೆ 6 ಎಂದೂ ಮೂರಾಣೆಗೆ 19 ಎಂದೂ ಲೆಕ್ಕವಾಯಿತು. ಅಂಗಡಿಯ ಮುಂದೆ ದಿನವೂ ಜಗಳ.

ನಮ್ಮದು ಹಳ್ಳಿಯ ದಿನಸಿ ಅಂಗಡಿ. ಉದ್ದರಿ ಬರೆಯುವ ಕೆಲಸ ಹನ್ನೊಂದು ವರ್ಷದ ನನ್ನದು. ಹಿಂದೆ ಎರಡು ರೂಪಾಯಿ ಐದಾಣೆಯನ್ನು 2-5-0 ಎಂದು ಬರೆಯುತ್ತಿದ್ದೆವು. ಅದೇ ರೂಢಿಯಲ್ಲಿ, ಬೆಲ್ಲ, ಸೀಮೆಎಣ್ಣೆ ಒಯ್ದ ಒಬ್ಬ ಅಜ್ಜಿಯ ಹೆಸರಿಗೆ ಎರಡು ರೂಪಾಯಿ ಐದು ನಯಾಪೈಸೆಯನ್ನು 2.5 ಎಂದು ಬರೆದೆ. ಬಿಂದುವೆಂದರೆ ನನಗೆ ರೂಪಾಯಿಗೂ ಪೈಸೆಗೂ ನಡುವಣ ಬೇಲಿ, ಅಷ್ಟೆ.

ಜೂನಿನಲ್ಲಿ ಶಾಲೆ ತೆರೆಯಿತು. ಬಿಂದುವಿನ ಬಲಕ್ಕೆ ಮೊದಲನೆಯದು ದಶಾಂಶ ಸ್ಥಾನ, ಎರಡನೆಯದು ಶತಾಂಶ ಸ್ಥಾನ; .5 ಎಂದರೆ ಹತ್ತರಲ್ಲಿ ಐದು, ಅಂದರೆ ಅರ್ಧ, ಎಂದು ಮೇಷ್ಟ್ರು ಹೇಳಿಕೊಟ್ಟರು. ಅದೇ ವಾರ ಅಜ್ಜಿ ಬಾಕಿ ತೀರಿಸಲು ಬಂದಳು. ಪುಸ್ತಕ ನೋಡಿ, ಹೊಸ ವಿದ್ಯೆಯ ಜಂಬದಲ್ಲಿ, "ಎರಡೂವರೆ ರೂಪಾಯಿ, ಅಜ್ಜಿ" ಎಂದೆ.

"ಎರಡರ ಮೇಲೆ ಒಂದು ಚೂರು ಅಂತ ನೆನಪಿತ್ತಪ್ಪ. ಪುಸ್ತಕದಲ್ಲಿದ್ದರೆ ಸರಿಯೇ" ಎಂದು ಸೆರಗಿನ ಗಂಟು ಬಿಚ್ಚಿ, ಎರಡು ರೂಪಾಯಿ, ಒಂದು ಎಂಟಾಣೆ ಎಣಿಸಿಟ್ಟಳು.

ರಾತ್ರಿ ಅಪ್ಪ ಸಾಮಾನಿನ ಬೆಲೆ ಕೂಡಿ ನೋಡಿ, "ಇಲ್ಲಿ ಸೊನ್ನೆ ಎಲ್ಲೋ?" ಎಂದರು. "ಎಡಗಡೆಯ ಸೊನ್ನೆಗೆ ಬೆಲೆಯಿಲ್ಲವಲ್ಲ" ಎಂದೆ. 05 ಐದೇ ಇರಬಹುದು; ಆದರೆ .05 ನೂರರಲ್ಲಿ ಐದು. ಆ ಸೊನ್ನೆಯೇ ಐದನ್ನು ಶತಾಂಶದ ಮನೆಗೆ ಸರಿಸುವುದು. ಅಪ್ಪ ಇದನ್ನೆಲ್ಲ ವಿವರಿಸುತ್ತ ಕೂರಲಿಲ್ಲ. 45 ನಯಾಪೈಸೆ, ಎಂದರೆ ಏಳಾಣೆಗೂ ಮಿಗಿಲು, ನನ್ನ ಕೈಗೆ ಹಾಕಿ, "ಈಗಲೇ ಕೊಟ್ಟು ಬಾ" ಎಂದರು.

ಅಜ್ಜಿ ದೀಪ ಹಿಡಿದು ಬಾಗಿಲು ತೆರೆದಳು. ನಾಲ್ಕು ಹತ್ತರ ನಾಣ್ಯ, ಒಂದು ಐದರದು. ತಿರುಗಿಸಿ ನೋಡಿ, "ಇದು ಎಷ್ಟಾಣೆಯಪ್ಪ?" ಎಂದಳು. ಹೇಳಿದೆ. ಸೊನ್ನೆ ಬಿಟ್ಟಿದ್ದನ್ನೂ ಹೇಳಿದೆ. ಅವಳು ಬೈಯಲಿಲ್ಲ. ಆಮೇಲೆ ಉದ್ದರಿ ಒಯ್ಯುವಾಗಲೆಲ್ಲ, ಅಕ್ಷರ ಬಾರದ ಆಕೆ ಪುಸ್ತಕದ ಮೇಲೆ ಬಾಗಿ, "ಸೊನ್ನೆ ಬರೆದೆಯೇನಪ್ಪ?" ಎಂದು ಕೇಳುತ್ತಿದ್ದಳು.