ಹಾದಿಯಲ್ಲಿರುವಾಗಲೇ

ಪ್ರತಿವಾದಿಯೊಡನೆ ನ್ಯಾಯಸ್ಥಾನಕ್ಕೆ ಹೋಗುವ ಹಾದಿಯಲ್ಲಿರುವಾಗಲೇ ರಾಜಿ ಮಾಡಿಕೊಳ್ಳಬೇಕೆಂಬ ಬುದ್ಧಿಮಾತು ಸಂತ ಮತ್ತಾಯನ ಶುಭಸಂದೇಶದ 5ನೆಯ ಅಧ್ಯಾಯದಲ್ಲಿದೆ. ಯೇಸುಸ್ವಾಮಿ ಇಲ್ಲಿ ನ್ಯಾಯಸ್ಥಾನವನ್ನು ಹಳಿಯುವುದಿಲ್ಲ. ಅದರ ಬಾಗಿಲನ್ನು ತಲುಪುವ ಮೊದಲು ಒಂದು ಹಾದಿಯಿದೆ ಎಂಬುದನ್ನು ನೆನಪಿಸುತ್ತಾರೆ. ಆ ಹಾದಿಯಲ್ಲಿ ಮಾಡಬೇಕಾದುದೇನು ಎಂಬ ಪ್ರಶ್ನೆಯನ್ನು ನಮ್ಮ ಮನೆಯ ಮುಂದಿಟ್ಟದ್ದು ಒಂದು ಕಟ್ಟಡದ ಒಪ್ಪಂದ.

ಒಂದು ಕಾಲದಲ್ಲಿ ಹಳ್ಳಿಯಾಗಿದ್ದ ತಣಿಸಂದ್ರದಲ್ಲಿ ಇಂದು ಮನೆಯ ಮೇಲೆ ಮನೆ ಏಳುತ್ತಿದೆ. ಬಹುಮಹಡಿ ಸಮುಚ್ಚಯಗಳ ನೆರಳಿನಲ್ಲಿ ಸಣ್ಣ ನಿವೇಶನದವರೂ ಮಕ್ಕಳಿಗಾಗಿ ಮೇಲಂತಸ್ತು ಕಟ್ಟಿಸುತ್ತಾರೆ. ನಾವೂ ಹಾಗೆಯೇ ಆರಂಭಿಸಿದೆವು. ಗುತ್ತಿಗೆದಾರರು ನಮ್ಮಿಂದ 4,20,000 ರೂಪಾಯಿ ಪಡೆದು ಗೋಡೆಯ ಮಟ್ಟದಲ್ಲಿ ಕೆಲಸ ನಿಲ್ಲಿಸಿದರು. ದೂರವಾಣಿಗೆ ಉತ್ತರವಿಲ್ಲ. ಬಂಧುಗಳೆಲ್ಲರ ಸಲಹೆ ಒಂದೇ: "ಕೋರ್ಟಿಗೆ ಹಾಕಿ."

ನಾವು ಕಂಡ ಹಿರಿಯ ವಕೀಲರು ದಾವೆಯ ಮಾತನ್ನೇ ಎತ್ತದೆ ನಾಲ್ಕು ಪ್ರಶ್ನೆ ಕೇಳಿದರು. ಒಪ್ಪಂದ ಎಲ್ಲಿದೆ? ಅದು ಮುರಿದ ದಿನ ಯಾವುದು? ನಿಮಗಾದ ನಷ್ಟ ಎಷ್ಟು? ಅವರಿಗೆ ಸಲ್ಲಬೇಕಾದುದು ಏನಾದರೂ ಇದೆಯೇ?

ಮೊದಲ ಪ್ರಶ್ನೆಗೆ ಉತ್ತರವಾಗಿ ಛಾಪಾ ಕಾಗದ, ರಸೀದಿಗಳು, ಬ್ಯಾಂಕಿನ ಲೆಕ್ಕ, ಮೊಬೈಲಿನ ಸಂದೇಶಗಳು, ಛಾಯಾಚಿತ್ರಗಳು ದಿನಾಂಕದ ಕ್ರಮದಲ್ಲಿ ಸೇರಿದವು. ವಿವಾದವನ್ನು ಮಧ್ಯಸ್ಥಿಕೆದಾರರಿಗೆ ಒಪ್ಪಿಸಬೇಕೆಂಬ ಷರತ್ತು ಒಪ್ಪಂದದಲ್ಲಿದ್ದರೆ ಹಾದಿಯೇ ಬೇರೆಯಾಗುವುದರಿಂದ ಅದನ್ನು ಮೊದಲು ನೋಡಬೇಕು. ಎರಡನೆಯದು ಕಾಲದ ಪ್ರಶ್ನೆ. 1963ರ ಕಾಲಮಿತಿ ಕಾಯಿದೆಯಂತೆ ಒಪ್ಪಂದಭಂಗದ ಪರಿಹಾರಕ್ಕೆ ಸಾಮಾನ್ಯವಾಗಿ 3 ವರ್ಷಗಳ ಅವಧಿ. ನೋಟಿಸು ಕಳುಹಿಸಿದ ಮಾತ್ರಕ್ಕೆ ಆ ಗಡಿಯಾರ ನಿಲ್ಲುವುದಿಲ್ಲ. ಮೂರನೆಯದಕ್ಕೆ 1872ರ ಭಾರತೀಯ ಕರಾರು ಕಾಯಿದೆಯ 73ನೆಯ ಕಲಮು ಅಳತೆಗೋಲು. ಭಂಗದಿಂದ ಸಹಜವಾಗಿ ಒದಗಿದ ನಷ್ಟಕ್ಕೆ ಪರಿಹಾರವುಂಟು, ದೂರದ ಕಲ್ಪನೆಯ ನಷ್ಟಕ್ಕಿಲ್ಲ. ನಷ್ಟವನ್ನು ತಗ್ಗಿಸಲು ನಮಗಿದ್ದ ಮಾರ್ಗಗಳೂ ಲೆಕ್ಕಕ್ಕೆ ಬರುತ್ತವೆ. ನಮ್ಮ ಸಿಟ್ಟಿಗೆ ಆ ಕಾಯಿದೆ ಬೆಲೆ ಕಟ್ಟುವುದಿಲ್ಲ.

ನಾಲ್ಕನೆಯ ಪ್ರಶ್ನೆಯೇ ಕಠಿಣ. ಆಗಿದ್ದ ಕೆಲಸವನ್ನು ಅಳೆಸಿದಾಗ ಅದರ ಮೌಲ್ಯ 3,10,000 ರೂಪಾಯಿ. ಒಪ್ಪಂದದಲ್ಲಿರದ ನೀರಿನ ತೊಟ್ಟಿಯೊಂದನ್ನೂ ಅವರು ಕಟ್ಟಿದ್ದರು. ಅದರ ಬೆಲೆ 35,000. ಕಾಗದದಲ್ಲಿ ಎಲ್ಲಿಯೂ ಇರದ ಆ ತೊಟ್ಟಿಯನ್ನು ಬಿಟ್ಟುಬಿಡಬಹುದಿತ್ತು. ನನ್ನ ಮಡದಿ ಒಪ್ಪಲಿಲ್ಲ. ನೋಟಿಸಿನಲ್ಲಿ ನಾವು ಕೇಳಿದ್ದು 75,000 ಮಾತ್ರ. ತೊಟ್ಟಿಯ ಲೆಕ್ಕವನ್ನೂ ಅದರಲ್ಲೇ ತೋರಿಸಿ, ಉತ್ತರಕ್ಕೆ 15 ದಿನ ಕೊಟ್ಟೆವು.

ಖಾಸಗಿ ವ್ಯಕ್ತಿಗಳ ನಡುವೆ ಇಂಥ ನೋಟಿಸು ನಮ್ಮಲ್ಲಿ ಸಾಮಾನ್ಯವಾಗಿ ಕಡ್ಡಾಯವಲ್ಲ, ಒಳ್ಳೆಯ ರೂಢಿ. ಸರ್ಕಾರದ ಮೇಲೆ ದಾವೆ ಹೂಡುವವರು ಮಾತ್ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಮಿನಂತೆ 2 ತಿಂಗಳ ನೋಟಿಸು ಕೊಡಬೇಕು. 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ವಾಣಿಜ್ಯ ವಿವಾದದಲ್ಲಿ, ತುರ್ತು ತಾತ್ಕಾಲಿಕ ಪರಿಹಾರ ಕೋರದಿದ್ದರೆ, ದಾವೆಗೆ ಮುನ್ನ ಸಂಧಾನಕ್ಕೆ ಹೋಗುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪಿತ್ತಿದೆ. ನಮ್ಮ ಕರಾರು ಕಾನೂನಿನ ಮೂಲವಾದ ಇಂಗ್ಲೆಂಡಿನಲ್ಲಿ ಈ ಹಾದಿ ಇನ್ನಷ್ಟು ಸ್ಪಷ್ಟ. ಲಾರ್ಡ್ ವುಲ್ಫ್ ಅವರ ವರದಿಯ ಫಲವಾಗಿ 1999ರಲ್ಲಿ ಅಲ್ಲಿ ಹೊಸ ಸಿವಿಲ್ ನಿಯಮಗಳು ಜಾರಿಗೆ ಬಂದವು. ಬೇಡಿಕೆಯನ್ನೂ ಲೆಕ್ಕವನ್ನೂ ವಿವರಿಸುವ ಪತ್ರ ಮೊದಲು ಹೋಗಬೇಕು. ಸರಳ ವಿವಾದದಲ್ಲಿ 14 ದಿನ, ಅತಿ ಜಟಿಲವಾದುದರಲ್ಲಿ ಹೆಚ್ಚೆಂದರೆ 3 ತಿಂಗಳೊಳಗೆ ಉತ್ತರ ಬರಬೇಕು. ಮುಖ್ಯ ದಾಖಲೆಗಳನ್ನು ಪರಸ್ಪರ ತೋರಿಸಬೇಕು. ರಾಜಿಯ ದಾರಿಯನ್ನು ಪರಿಶೀಲಿಸಬೇಕು. ಇದನ್ನು ಕಡೆಗಣಿಸಿದವರ ಮೇಲೆ ನ್ಯಾಯಾಧೀಶರು ಖರ್ಚಿನ ಹೊರೆ ಹೊರಿಸಬಹುದು.

ಹನ್ನೆರಡನೆಯ ದಿನ ಗುತ್ತಿಗೆದಾರರು ತಾವೇ ಬಂದರು. ನೋಟಿಸಿನ ಎಚ್ಚರಿಕೆಗಿಂತ ತೊಟ್ಟಿಯ ಸಾಲು ತಮ್ಮನ್ನು ಕರೆತಂದಿತೆಂದರು. ಇನ್ನೊಂದು ಕಡೆ ಹಣ ಸಿಕ್ಕಿಬಿದ್ದು ಕೂಲಿಯವರಿಗೆ ಕೊಡಲಾಗದೆ ಮುಖ ಮರೆಸಿಕೊಂಡಿದ್ದರಂತೆ. 75,000ವನ್ನು ಐದು ಕಂತುಗಳಲ್ಲಿ ತೀರಿಸುವುದೆಂದು ಬರೆದು ಇಬ್ಬರೂ ಸಹಿ ಹಾಕಿದೆವು. ಕೊನೆಯ ಕಂತು ತಡವಾಯಿತು, ಆದರೆ ಬಂದಿತು.

ಎಲ್ಲರಿಗೂ ಹೀಗಾಗುವುದಿಲ್ಲ. ಉತ್ತರ ಬಾರದಿದ್ದರೆ ಲೋಕ ಅದಾಲತ್ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ದಾವೆಗೆ ಮುನ್ನವೂ ಅಲ್ಲಿಗೆ ಹೋಗಬಹುದು. ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಮೇಲ್ಮನವಿಯಿಲ್ಲ. ಅದೂ ಕೈಗೂಡದಿದ್ದರೆ ನ್ಯಾಯಾಲಯಕ್ಕೆ ಹೋಗುವುದು ಪಾಪವಲ್ಲ. ಕೊರಿಂಥದ ವಿಶ್ವಾಸಿಗಳು ಪರಸ್ಪರ ವ್ಯಾಜ್ಯ ಹೂಡಿದ್ದಕ್ಕೆ ಸಂತ ಪೌಲರು ನೊಂದರು, ನಿಜ. ಆದರೆ ಅದೇ ಭಾಗದಲ್ಲಿ ಸಹೋದರರಿಗೆ ಅನ್ಯಾಯ ಮಾಡಿ ವಂಚಿಸುವವರನ್ನೂ ಅವರು ಗದರಿಸಿದ್ದಾರೆ.

ಆದುದರಿಂದ ನಮ್ಮ ಕುಟುಂಬಗಳು ಒಪ್ಪಂದವನ್ನು ಬರೆಯಿಸಲಿ, ರಸೀದಿಯನ್ನು ಜೋಪಾನವಾಗಿಡಲಿ. ಬೇಡಿಕೆಯ ಪತ್ರವನ್ನು ಅಂಚೆಗೆ ಹಾಕುವ ಮುನ್ನ ಅದನ್ನು ಪಡೆಯುವವರ ಕಣ್ಣಿನಿಂದ ಒಮ್ಮೆ ಓದಲಿ. ಅವರ ಪಾಲಿನ ಸತ್ಯವೂ ಅದರಲ್ಲಿದ್ದರೆ ಹಾದಿ ಇನ್ನೂ ತೆರೆದೇ ಇರುತ್ತದೆ.