ನೆರೆಯವರೊಡನೆ ಆಡಬೇಕು

ಕಾಲೇಜು ಹುಡುಗರ ಫುಟ್‌ಬಾಲ್ ನೋಡಲು 69 ಸಾವಿರ ಜನ ಸೇರುತ್ತಾರೆಂದರೆ ಊರಿನ ನೆಂಟರು ನಂಬುವುದಿಲ್ಲ. ‘ಅಲ್ವೋ, ಇಂಟರ್ ಕಾಲೇಜು ಮ್ಯಾಚಿಗೆ ಆಡೋರ ಅಪ್ಪ ಅಮ್ಮನೂ ಬರಲ್ಲ ನಮ್ಮಲ್ಲಿ’ ಎಂದು ದೊಡ್ಡಪ್ಪ ಫೋನಿನಲ್ಲಿ ಹೇಳಿದ್ದರು. ಅಯೊವಾದಲ್ಲಿ ಬರುತ್ತಾರೆ ದೊಡ್ಡಪ್ಪ, ಅಜ್ಜ ಅಜ್ಜಿಯರೂ ಬರುತ್ತಾರೆ. ಅಮೆರಿಕದ ಈ ರಾಜ್ಯದ ಜನಸಂಖ್ಯೆ ಸುಮಾರು 32 ಲಕ್ಷ. ವೃತ್ತಿಪರ ಲೀಗುಗಳಾದ ಎನ್‌ಎಫ್‌ಎಲ್ (ಫುಟ್‌ಬಾಲ್), ಎನ್‌ಬಿಎ (ಬಾಸ್ಕೆಟ್‌ಬಾಲ್), ಮೇಜರ್ ಲೀಗ್ ಬೇಸ್‌ಬಾಲ್ ಇವು ಯಾವುದರ ತಂಡವೂ ಇಲ್ಲಿಲ್ಲ. ಇರುವುದು ಕಣ್ಣು ಹಾಯುವಷ್ಟು ದೂರಕ್ಕೂ ಮುಸುಕಿನ ಜೋಳದ ಹೊಲ, ಸಣ್ಣ ಸಣ್ಣ ಪೇಟೆಗಳು ಮತ್ತು ಎರಡು ದೊಡ್ಡ ವಿಶ್ವವಿದ್ಯಾಲಯಗಳು. ಹಾಗಾಗಿ ರೈತರಿಗೆ, ಹಲ್ಲಿನ ಡಾಕ್ಟರಿಗೆ, ಲಾರಿ ಓಡಿಸುವವರಿಗೆ, ಕಾಲೇಜಿನ ಮೆಟ್ಟಿಲು ಹತ್ತದವರಿಗೂ ‘ನಮ್ಮ ತಂಡ’ ಎಂದರೆ ವಿಶ್ವವಿದ್ಯಾಲಯದ ತಂಡವೇ. ಬೆಂಗಳೂರಿನಿಂದ ಬಂದ ನನಗೂ ಅದೇ ತಂಡವಾಯಿತು.

ಅಯೊವಾ ಸಿಟಿಯಲ್ಲಿರುವ ಅಯೊವಾ ವಿಶ್ವವಿದ್ಯಾಲಯದ ಆ ಕ್ರೀಡಾಂಗಣಕ್ಕೆ ನೈಲ್ ಕಿನ್ನಿಕ್‌ನ ಹೆಸರಿದೆ. 1939ರಲ್ಲಿ ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ಗೌರವವಾದ ಹೈಸ್ಮನ್ ಟ್ರೋಫಿ ಪಡೆದವನು, 1943ರಲ್ಲಿ ನೌಕಾಪಡೆಯ ತರಬೇತಿ ಹಾರಾಟದಲ್ಲಿ ತೀರಿಕೊಂಡವನು. ಕ್ರೀಡಾಂಗಣಕ್ಕೆ ತಾಗಿಕೊಂಡಂತೆಯೇ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆಯ ಎತ್ತರದ ಕಟ್ಟಡ ನಿಂತಿದೆ. ಮೇಲಿನ ಮಹಡಿಯ ಕಿಟಕಿಗಳಿಂದ ಮೈದಾನ ಪೂರ್ತಿ ಕಾಣುತ್ತದೆ. 2017ರಿಂದ ಇಲ್ಲಿ ಒಂದು ಪದ್ಧತಿ ನಡೆದು ಬಂದಿದೆ. ಮೊದಲ ಕ್ವಾರ್ಟರ್ ಮುಗಿದ ಕೂಡಲೇ ಇಡೀ ಕ್ರೀಡಾಂಗಣ ಎದ್ದು ಆಸ್ಪತ್ರೆಯ ಕಡೆ ತಿರುಗಿ ಕೈ ಬೀಸುತ್ತದೆ. ಎದುರಾಳಿ ತಂಡದವರು, ತರಬೇತುದಾರರು, ಅಂಪೈರುಗಳು ಎಲ್ಲರೂ ಬೀಸುತ್ತಾರೆ. ಕಿಟಕಿಯಲ್ಲಿ ನಿಂತ ಮಕ್ಕಳು ತಿರುಗಿ ಕೈ ಬೀಸುತ್ತಾರೆ. ಪಂದ್ಯದ ಸೋಲು ಗೆಲುವಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಆ ಕಟ್ಟಡ, ಆ ಮೈದಾನ, ಆ ಜನ ಒಂದೇ ಕಡೆ ಇರುವುದರಿಂದಲೇ ಇದು ಸಾಧ್ಯವಾಯಿತು. ತಂಡಕ್ಕೆ ಒಂದು ಊರು ಬೇಕು ಎಂದು ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಮೊದಲ ಕಾರಣ ಇದೇ.

ಈಗ ಅಮೆರಿಕದಲ್ಲಿ ಕ್ರೀಡೆಯ ಮಾತೆತ್ತಿದರೆ ಮೊದಲು ಬರುವ ದೂರು ಹಣದ್ದು. ಕಾಲೇಜು ಹುಡುಗರಿಗೆ ದುಡ್ಡು ಕೊಟ್ಟು ಆಟ ಕೆಟ್ಟಿತು ಎನ್ನುವವರು ಬೀದಿಗೊಬ್ಬರು ಸಿಗುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ದಶಕಗಳ ಕಾಲ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ನಿಯಮದಂತೆ ಆಡುವವರಿಗೆ ಸಿಗುತ್ತಿದ್ದದ್ದು ಓದಿನ ಶುಲ್ಕ, ಊಟ, ವಸತಿ ಇಷ್ಟೇ. ಅದೇ ಹೊತ್ತಿಗೆ ಅಯೊವಾದಲ್ಲಿ ಸರ್ಕಾರಿ ಸಂಸ್ಥೆಗಳ ನೌಕರರಲ್ಲಿ ಎಲ್ಲರಿಗಿಂತ ಹೆಚ್ಚು ಸಂಬಳ ಫುಟ್‌ಬಾಲ್ ತರಬೇತುದಾರರದು, ರಾಜ್ಯಪಾಲರದಲ್ಲ. ರೆಜಿ ಬುಷ್ ಎಂಬ ಆಟಗಾರ ಕಾಲೇಜಿನಲ್ಲಿದ್ದಾಗ ಹೊರಗಿನವರಿಂದ ಹಣ, ಸವಲತ್ತು ಪಡೆದ ಎಂಬ ಕಾರಣಕ್ಕೆ 2005ರ ಹೈಸ್ಮನ್ ಟ್ರೋಫಿಯನ್ನು 2010ರಲ್ಲಿ ಬಿಟ್ಟುಕೊಡಬೇಕಾಯಿತು. ಕಾಲ ಬದಲಾಗಿ 2024ರಲ್ಲಿ ಅದನ್ನು ಅವನಿಗೆ ಮರಳಿಸಿದರು. ಹದಿನಾಲ್ಕು ವರ್ಷ ಅವನು ಹೊತ್ತ ಅವಮಾನಕ್ಕೆ ಏನು ಪರಿಹಾರ?

2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಮುಂದಿನ ತಿಂಗಳಿನಿಂದಲೇ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಲ್ಲಿ ದುಡಿಯುವುದಕ್ಕೆ ಅವಕಾಶವಾಯಿತು. 2025ರ ಜೂನ್‌ನಲ್ಲಿ ಇನ್ನೊಂದು ಮೊಕದ್ದಮೆಯ ರಾಜಿಗೆ ನ್ಯಾಯಾಲಯದ ಒಪ್ಪಿಗೆ ಸಿಕ್ಕಿತು. ಈಗ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದೊಂದು ವಿಶ್ವವಿದ್ಯಾಲಯಕ್ಕೆ ಸುಮಾರು 2.05 ಕೋಟಿ ಡಾಲರ್. ಮಂಡಿ ಮುರಿದರೆ ಮುಂದಿನ ಬದುಕೇ ಬದಲಾಗುವ ಹುಡುಗನಿಗೆ ಅವನ ದುಡಿಮೆಯ ಪಾಲು ಸಿಗುವುದು ನ್ಯಾಯ. ಇದರಲ್ಲಿ ಕೊಸರಾಡುವುದಕ್ಕೇನೂ ಇಲ್ಲ.

ಕೇಟ್ಲಿನ್ ಕ್ಲಾರ್ಕ್‌ಳನ್ನೇ ನೋಡಿ. ಇದೇ ರಾಜ್ಯದ ವೆಸ್ಟ್ ಡಿ ಮಾಯ್ನ್‌ನ ಹುಡುಗಿ, ಅಯೊವಾ ವಿಶ್ವವಿದ್ಯಾಲಯಕ್ಕೇ ಬಾಸ್ಕೆಟ್‌ಬಾಲ್ ಆಡಿದಳು. ಗಂಡಸರ ಲೆಕ್ಕದಲ್ಲಿ 1970ರಿಂದ ಅಲ್ಲಾಡದೆ ಕೂತಿದ್ದ ಪೀಟ್ ಮಾರವಿಚ್‌ನ 3,667 ಅಂಕಗಳನ್ನು 2024ರ ಮಾರ್ಚ್‌ನಲ್ಲಿ ದಾಟಿದಳು. (ಮಾರವಿಚ್ ಆಡಿದ್ದು ಮೂರೇ ಋತು, ಆಗ ಮೂರಂಕದ ಗೆರೆಯೂ ಇರಲಿಲ್ಲ. ಅವನ ದೊಡ್ಡತನ ಅವನಿಗಿರಲಿ.) ಆ ಏಪ್ರಿಲ್‌ನ ಮಹಿಳೆಯರ ಫೈನಲ್ ಅನ್ನು ಟಿವಿಯಲ್ಲಿ ನೋಡಿದವರು ಸರಾಸರಿ 1 ಕೋಟಿ 89 ಲಕ್ಷ, ಪುರುಷರ ಫೈನಲ್ ನೋಡಿದವರು 1 ಕೋಟಿ 48 ಲಕ್ಷ. ಅಯೊವಾ ಸೋತಿತು, ಸೌತ್ ಕ್ಯಾರೊಲೈನ ಗೆದ್ದಿತು. ಇಷ್ಟೆಲ್ಲ ಮಾಡಿದವಳು ವೃತ್ತಿಪರ ಲೀಗಿಗೆ ಹೋದಾಗ ಮೊದಲ ವರ್ಷದ ಸಂಬಳ 76,535 ಡಾಲರ್! ಕಾಲೇಜಿನಲ್ಲಿದ್ದಾಗಲೇ ಜಾಹೀರಾತಿನಿಂದ ಗಳಿಸುವ ಹಕ್ಕು ಇಲ್ಲದಿದ್ದರೆ ಅವಳ ನಾಲ್ಕು ವರ್ಷದ ಬೆವರು ಯಾರ ಜೇಬು ಸೇರುತ್ತಿತ್ತು?

ತಂಡ ಬದಲಿಸುವವರ ಮೇಲೂ ನನಗೆ ಸಿಟ್ಟಿಲ್ಲ. ಮೊದಲೆಲ್ಲ ಫುಟ್‌ಬಾಲ್ ಆಟಗಾರ ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೆ ಒಂದು ವರ್ಷ ಸುಮ್ಮನೆ ಕೂರಬೇಕಿತ್ತು. ಈಗ ಹಾಗಿಲ್ಲ. ಫರ್ನಾಂಡೊ ಮೆಂಡೋಜ ಕ್ಯಾಲಿಫೋರ್ನಿಯದ ಬರ್ಕ್ಲಿಯಿಂದ ಇಂಡಿಯಾನಕ್ಕೆ ಬಂದ, ಹೈಸ್ಮನ್ ಗೆದ್ದ. ಫುಟ್‌ಬಾಲಿನಲ್ಲಿ ತಲೆಮಾರುಗಳಿಂದ ಸೋಲುತ್ತಲೇ ಬಂದಿದ್ದ ಇಂಡಿಯಾನ 2026ರ ಜನವರಿಯಲ್ಲಿ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಹಳೆಯ ನಿಯಮದಲ್ಲಿ ಇದು ಆಗುತ್ತಿರಲಿಲ್ಲ. ನಮ್ಮವರೇ ಆದ ಕರುಣ್ ನಾಯರ್ 2015ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ಎದುರು 328 ಹೊಡೆದದ್ದನ್ನು ಮರೆತವರುಂಟೇ? ಕರ್ನಾಟಕ ತಂಡದಲ್ಲಿ ಜಾಗವಿಲ್ಲದಾದಾಗ ವಿದರ್ಭಕ್ಕೆ ಹೋದರು. 2025ರಲ್ಲಿ ಆ ತಂಡ ರಣಜಿ ಗೆದ್ದಾಗ ಫೈನಲ್‌ನಲ್ಲಿ 86 ಮತ್ತು 135 ಹೊಡೆದರು, ಆಮೇಲೆ ಕರ್ನಾಟಕಕ್ಕೇ ಮರಳಿದರು. ಅವರು ವಿದರ್ಭದ ಟೋಪಿ ತೊಟ್ಟಿದ್ದಾಗಲೂ ನಾನು ಅವರ ರನ್ನುಗಳನ್ನು ಹುಡುಕಿ ನೋಡುತ್ತಿದ್ದೆ. ಆಟಗಾರನ ಆಯುಸ್ಸು ಚಿಕ್ಕದು, ಅವನು ಎಲ್ಲಿ ಅವಕಾಶವಿದೆಯೋ ಅಲ್ಲಿಗೆ ಹೋಗಲಿ.

ಹೋಗಬಾರದ್ದು ತಂಡ. ನನ್ನ ಸಂಕಟವೆಲ್ಲ ಇಲ್ಲಿದೆ.

ಓಕ್ಲಂಡ್ ಏನು ತಪ್ಪು ಮಾಡಿತ್ತು? ಐದೇ ವರ್ಷದಲ್ಲಿ ಅದರ ಮೂರೂ ದೊಡ್ಡ ತಂಡಗಳು ಹೋದವು. 2019ರಲ್ಲಿ ಬಾಸ್ಕೆಟ್‌ಬಾಲಿನ ವಾರಿಯರ್ಸ್ ಕೊಲ್ಲಿಯ ಆಚೆ ಸ್ಯಾನ್ ಫ್ರಾನ್ಸಿಸ್ಕೊಗೆ, 2020ರಲ್ಲಿ ಫುಟ್‌ಬಾಲಿನ ರೇಡರ್ಸ್ ಲಾಸ್ ವೇಗಸ್ಸಿಗೆ. 1968ರಿಂದ ಇದ್ದ ಬೇಸ್‌ಬಾಲಿನ ‘ಎ’ಸ್’ ತಂಡ 2024ರ ಸೆಪ್ಟೆಂಬರ್ 26ರಂದು ಕೊನೆಯ ಪಂದ್ಯ ಆಡಿ ಹೊರಟಿತು. ಜನ ಬರುವುದಿಲ್ಲ ಎಂದು ಮಾಲೀಕರ ಕಡೆಯವರು ಹೇಳುತ್ತಿದ್ದಾಗ, 2023ರ ಜೂನ್ 13ರಂದು ಅಭಿಮಾನಿಗಳು ತಾವೇ ಒಬ್ಬರಿಗೊಬ್ಬರು ಹೇಳಿಕೊಂಡು 27,759 ಮಂದಿ ಬಂದು ಕೂತರು. ‘ತಂಡವನ್ನು ಮಾರಿಬಿಡಿ, ಊರು ಬಿಡಿಸಬೇಡಿ’ ಎಂಬುದು ಅವರ ಕೂಗು. ಯಾರೂ ಕೇಳಲಿಲ್ಲ. ಆದರೆ ವಿಸ್ಕಾನ್ಸಿನ್‌ನ ಗ್ರೀನ್ ಬೇ ನೋಡಿ. ಲಕ್ಷಕ್ಕೆ ಸ್ವಲ್ಪ ಮೇಲಷ್ಟೇ ಜನಸಂಖ್ಯೆಯ ಪಟ್ಟಣ. ಪ್ಯಾಕರ್ಸ್ ತಂಡ ಅಲ್ಲಿಂದ ಕದಲುವುದಿಲ್ಲ. ಅದರ ಒಡೆತನ 5 ಲಕ್ಷಕ್ಕೂ ಹೆಚ್ಚು ಸಾಮಾನ್ಯ ಷೇರುದಾರರದು. ಷೇರಿಗೆ ಲಾಭಾಂಶವಿಲ್ಲ, ಬೆಲೆ ಏರಿಸಿ ಮಾರುವಂತೆಯೂ ಇಲ್ಲ. ಇನ್ನೊಂದು ಊರು ಹೀಗೆ ಮಾಡದಂತೆ ಎನ್‌ಎಫ್‌ಎಲ್ ನಿಯಮವನ್ನೇ ಮಾಡಿಕೊಂಡಿದೆ. ಈ ನಿಯಮವನ್ನು ಕಿತ್ತು ಹಾಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವಿಶ್ವವಿದ್ಯಾಲಯ ಊರು ಬಿಡಲಾರದು, ಕಟ್ಟಡ ಹೊತ್ತುಕೊಂಡು ಎಲ್ಲಿಗೆ ಹೋದೀತು? ಆದರೆ ನೆರೆಯನ್ನು ಬಿಟ್ಟಿತು. ಪಶ್ಚಿಮ ಕರಾವಳಿಯ ವಿಶ್ವವಿದ್ಯಾಲಯಗಳ ಒಕ್ಕೂಟ 1915ರಲ್ಲಿ ಹುಟ್ಟಿದ್ದು. ಟಿವಿ ಹಣದ ಬೆನ್ನು ಹತ್ತಿ 2024ರಲ್ಲಿ ಹನ್ನೆರಡರಲ್ಲಿ ಹತ್ತು ಹೊರಟು ಹೋದವು, ಆರಿಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಅನಾಥವಾದವು. ಲಾಸ್ ಏಂಜಲೀಸಿನ ಯುಸಿಎಲ್‌ಎ ಈಗ ನ್ಯೂಜೆರ್ಸಿಯ ರಟ್ಗರ್ಸ್ ಜೊತೆ ಒಂದೇ ಲೀಗಿನಲ್ಲಿದೆ. ಸ್ಟ್ಯಾನ್‌ಫರ್ಡ್ ಅಟ್ಲಾಂಟಿಕ್ ಕರಾವಳಿಯ ಲೀಗಿನಲ್ಲಿ ಆಡುತ್ತದೆ. ಫುಟ್‌ಬಾಲಿನವರು ವಾರಕ್ಕೊಮ್ಮೆ ಬಾಡಿಗೆ ವಿಮಾನದಲ್ಲಿ ಹೋಗಿ ಬರಬಹುದು. ವಾಲಿಬಾಲ್, ಸಾಫ್ಟ್‌ಬಾಲ್ ಆಡುವ ಹುಡುಗಿಯರು ಪರೀಕ್ಷೆಯ ವಾರದಲ್ಲಿ ಮೂರು ಗಂಟೆಯ ಕಾಲವಲಯ ದಾಟಿ ಹೋಗಿ ಆಡಿ ಬಂದು ಯಾವಾಗ ಓದಬೇಕು? ಅಯೊವಾ ಇರುವ ಬಿಗ್ ಟೆನ್ ಲೀಗಿನ ಟಿವಿ ಒಪ್ಪಂದ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಹೆಚ್ಚಿನದು. ಅದರಲ್ಲಿ ನಮಗೂ ಪಾಲಿದೆ. ಆದರೂ ಹೇಳುತ್ತೇನೆ, ಫುಟ್‌ಬಾಲನ್ನು ಬೇಕಾದರೆ ದೇಶದ ತುಂಬ ಆಡಲಿ, ಮಿಕ್ಕ ಆಟಗಳನ್ನು ಬಸ್ಸಿನಲ್ಲಿ ಹೋಗಿಬರುವಷ್ಟು ದೂರಕ್ಕೆ ಮರಳಿ ತರಲಿ.

ನೆರೆಯವರ ಪಂದ್ಯಕ್ಕೆ ಗಿರಾಕಿಯಿಲ್ಲ ಎನ್ನುವವರಿಗೆ ನೆಬ್ರಾಸ್ಕ ಉತ್ತರ ಕೊಟ್ಟಾಗಿದೆ. 2023ರ ಆಗಸ್ಟ್ 30ರಂದು ಲಿಂಕನ್‌ನಲ್ಲಿ ಫುಟ್‌ಬಾಲ್ ಮೈದಾನದ ನಡುವೆ ವಾಲಿಬಾಲ್ ಅಂಕಣ ಹಾಸಿ ನೆಬ್ರಾಸ್ಕದ ಹುಡುಗಿಯರು ಆಡಿದರು. ಎದುರಾಳಿ ಯಾವುದೋ ದೂರದ ದೊಡ್ಡ ಹೆಸರಲ್ಲ, ಅದೇ ರಾಜ್ಯದ ಒಮಾಹ. ನೋಡಲು ಬಂದವರು 92,003 ಮಂದಿ!

ಒಕ್ಲಹೋಮ ಮತ್ತು ಒಕ್ಲಹೋಮ ಸ್ಟೇಟ್ ನೂರಕ್ಕೂ ಹೆಚ್ಚು ವರ್ಷಗಳಿಂದ ಆಡಿಕೊಂಡು ಬಂದಿದ್ದ ಫುಟ್‌ಬಾಲ್ ಪಂದ್ಯ 2023ರ ನವೆಂಬರ್‌ಗೆ ನಿಂತಿದೆ. ಒಂದು ತಂಡ ಲೀಗ್ ಬದಲಿಸಿತು, ದಿನ ಹೊಂದುವುದಿಲ್ಲ ಎಂಬ ಸಬೂಬು ಬಂತು. ರಣಜಿಯಲ್ಲಿ ಕರ್ನಾಟಕ ತಮಿಳುನಾಡು ಇನ್ನು ಆಡುವುದೇ ಇಲ್ಲ ಎಂದರೆ ನಮಗೆ ಹೇಗಾದೀತು? ಅಯೊವಾದ ಎರಡು ವಿಶ್ವವಿದ್ಯಾಲಯಗಳೂ ಹೀಗೇ 1934ರ ನಂತರ ಮುಖ ತಿರುಗಿಸಿಕೊಂಡಿದ್ದವು. 1977ರಲ್ಲಿ ಮತ್ತೆ ಆಡಿದವು. ಇವತ್ತಿಗೂ ಲೀಗ್ ಬೇರೆ ಬೇರೆಯೇ. ಹಾಗಿದ್ದೂ ಸೆಪ್ಟೆಂಬರ್ ಬಂದರೆ ಬೀದಿಯ ಈ ಮನೆಯಲ್ಲಿ ಕಪ್ಪು ಚಿನ್ನದ ಬಣ್ಣದ ಬಾವುಟ, ಆ ಮನೆಯಲ್ಲಿ ಕೆಂಪು ಚಿನ್ನದ ಬಣ್ಣದ ಬಾವುಟ ಹಾರುತ್ತವೆ. ಒಕ್ಲಹೋಮದವರೂ ಒಂದು ಶನಿವಾರ ಬಿಡುವು ಮಾಡಿಕೊಂಡರೆ ಆಯಿತು. ಅದಕ್ಕೆ ಅವರು ನಮ್ಮವರ ಹಾಗೆ 43 ವರ್ಷ ಕಾಯಬೇಕಾಗಿಲ್ಲ.